ಅಟ್ಟದ ಮೇಲಿನ ಜೀನಿಯಸ್

ಕಮಟು ಹಿಡಿದ ಕೊಬ್ಬರಿಯ ವಾಸನೆ ಬಂದರೆ ಈಗಲೂ ನನಗೆ ಮೈ ಉರಿಯುತ್ತದೆ.

ಯಗಟಿಯ ನಮ್ಮ ಮನೆಯಲ್ಲಿ ತಾತನ ಪಾಲಿಗೆ ಚಿಕ್ಕಪ್ಪ ಟೀವಿ ಬಿಚ್ಚಿದರೂ ಜೀನಿಯಸ್, ಪರೀಕ್ಷೆಯಲ್ಲಿ ಫೇಲಾದರೂ ಜೀನಿಯಸ್. ಅಟ್ಟದ ಮೇಲಿನ ತೆಂಗಿನಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗಲು ವರ್ಷ ಬೇಕು. ಅಷ್ಟು ಕಾಯಲಾರದ ಅವನು ಒಂದು ಮಧ್ಯಾಹ್ನ ಉದ್ದನೆಯ ಡ್ರಿಲ್ಲು ತಂದು, ಸಿಪ್ಪೆಯ ಮೇಲಿಂದಲೇ ತೂತು ಕೊರೆದು ನೀರು ಬಸಿಯತೊಡಗಿದ. ಒಂದೊಂದೇ ಕಾಯಿ ಎತ್ತಿ ಕೊಡುತ್ತಿದ್ದವಳು ನಾನು. ನನ್ನ ಲಂಗವೆಲ್ಲ ಕಾಯಿನೀರಿನಿಂದ ಅಂಟಂಟಾಗಿತ್ತು.

“ನೀರನ್ನ ಕಾಯೇ ಕುಡೀಬೇಕು ಮಾವ, ತೂತು ಬಿದ್ರೆ ಕೊಳ್ತೋಗ್ತವೆ,” ಎಂದಳು ಅಮ್ಮ.

ತಾತನಿಗೆ ರೇಗಿತು. “ಅವ್ನು ಜೀನಿಯಸ್ ಕಣಮ್ಮ. ನಿಂಗೇನ್ ಗೊತ್ತಾಯ್ತದೆ? ಹೋಗಿ ಕಾಫಿ ಇಡು.”

ಅಮ್ಮ ಹೋಗಿ ಕಾಫಿ ಇಟ್ಟಳು.

ಹದಿನೈದು ದಿನಕ್ಕೆ ಅಟ್ಟವೆಲ್ಲ ನಾರಿತು. ಕೊಳೆತ ಕಾಯಿಗಳನ್ನು ಮಂಕರಿಗೆ ತುಂಬಿ ತಿಪ್ಪೆಗೆ ಹೊತ್ತವರು ಅಮ್ಮ ಮತ್ತು ನಾನು. “ಎಲ್ಲೋದ ಆ ಜೀನಿಯಸ್ಸು?” ಎಂದು ತಾತ ಜಗಲಿಯಲ್ಲಿ ಹಲ್ಲು ಕಡಿದರು. ಚಿಕ್ಕಪ್ಪ ಬೀರೂರಿಗೆ ಹೋಗಿ ಕೂತಿದ್ದ. ಆಮೇಲೆ ತಾತ ಅಮ್ಮನ ಕಡೆ ತಿರುಗಿ, “ಕೊಳೀತವೆ ಅಂತ ನೀನಾದ್ರೂ ಒಂದ್ಮಾತು ಹೇಳ್ಬಾರ್ದಿತ್ತೇನಮ್ಮ?” ಎಂದರು.

ಅಮ್ಮ ತಲೆಯ ಮೇಲಿನ ಮಂಕರಿ ಇಳಿಸಲಿಲ್ಲ.

“ನಾನು ಕಾಫಿ ಇಡ್ತಿದ್ದೆ, ಮಾವ.”