ಗೇಟಿನ ತನಕ

ತಾಯಿಯ ತಿಥಿಯ ದಿನ ಜಗಳವಾಡಿ ಕುಮುದಿನಿ ಅಕ್ಕನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಒಬ್ಬಳೇ ಇರುವ ಮನೆಯಲ್ಲಿ ಎರಡು ದಿನದಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಕೊನೆಗೆ ಕೋಡುಬಳೆಯ ಡಬ್ಬಿ ಹಿಡಿದು, ಬೀದಿಯ ತುದಿಯ ರಹಮತ್ತುಲ್ಲಾ ಸಾಹೇಬರ ಆಟೋ ಹತ್ತಿದಳು.

ಅಕ್ಕನ ಗೇಟಿನ ಮುಂದೆ ಆಟೋ ನಿಂತಿತು. ಒಳಗಿನಿಂದ ಅಕ್ಕ ಕೆಮ್ಮಿದ್ದು ಕೇಳಿಸಿತು.

“ಯೂ-ಟರ್ನ್ ತಗೊಳ್ಳಿ ಸಾಬ್ರೇ, ವಾಪಸ್ ಹೋಗೋಣ.”

“ಯಾಕಮ್ಮ, ಮನೆ ಇದಲ್ವಾ?”

“ಇದೇ. ನನ್ನ ಮುಖ ನೋಡಿ ಬಾಗಿಲು ಹಾಕ್ಬಿಟ್ರೆ ಅಂತ ಭಯ.”

ಅವರು ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿದರು.

“ಹೋದ ವಾರ ಈ ಮನೆ ಅಮ್ಮಾವ್ರನ್ನ ನಾನೇ ನಿಮ್ಮ ಗೇಟಿನ ತನಕ ಕರ್ಕೊಂಡು ಬಂದಿದ್ದೆ. ಅವ್ರೂ ಇಳೀಲಿಲ್ಲ, ಯೂ-ಟರ್ನ್ ತಗೊಳ್ಳಿ ಅಂದ್ರು.”