ಲೂರ್ದಮ್ಮನ ಶನಿವಾರದ ಪಾಪ

ಲೂರ್ದಮ್ಮ ಪಾಪನಿವೇದನೆಯ ಗೂಡಿನೊಳಗೆ ಹೋಗಿ ಇಪ್ಪತ್ತೆರಡು ನಿಮಿಷ ಆಗಿತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಏಳು ಮಂದಿ ತಮ್ಮ ಪಾಪಗಳನ್ನು ಮರೆತು, ಅವಳ ಪಾಪ ಯಾವುದಿರಬಹುದೆಂದು ತಲೆ ಕೆಡಿಸಿಕೊಂಡಿದ್ದರು.

“ನಾನು ಮೂರು ನಿಮಿಷದ ಮೇಲೆ ಒಳಗೆ ಕೂತೋಳೇ ಅಲ್ಲ,” ಎಂದರು ಮಹಿಳಾ ಸಂಘದ ಸ್ಟೆಲ್ಲಾ. “ಅದ್ರಲ್ಲೂ ಅರ್ಧ ನಮ್ಮೆಜಮಾನ್ರ ಪಾಪ.”

ಅದು ಬೆಂಚಿನ ತುದಿಯಲ್ಲಿದ್ದ ಅಮಲಾಳ ಕಿವಿಗೆ ಬೀಳಲೆಂದೇ ಆಡಿದ ಮಾತು. ಅಮಲಾ ಲೂರ್ದಮ್ಮನ ತಮ್ಮನ ಮಗಳು. ನಾಲ್ಕು ವರ್ಷಕ್ಕೆ ತಾಯಿ ತೀರಿಕೊಂಡಾಗಿನಿಂದ ಅವಳನ್ನು ಸಾಕಿದ್ದು ಈ ಅತ್ತೆಯೇ. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ನೈಟ್ ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ ಆರು ಗಂಟೆಯ ಪೂಜೆಗೆ ಬರುತ್ತಿದ್ದವಳು. ನಿವೃತ್ತಿಯಾದರೂ ಕೈ ಸುಮ್ಮನಿರಲಿಲ್ಲ. ಕಾಕ್ಸ್ ಟೌನಿನ ಅವರ ಬೀದಿಯಲ್ಲಿ ಅವಳ ಕೈಯಿಂದ ಇಂಜೆಕ್ಷನ್ ಚುಚ್ಚಿಸಿಕೊಳ್ಳದವರು ಕಡಿಮೆ, ಅವಳನ್ನು ಅತ್ತೆ ಅನ್ನದ ಮಕ್ಕಳು ಇಲ್ಲವೇ ಇಲ್ಲ. ಇಂಥವಳಿಗೆ ವಾರ ವಾರವೂ ಇಷ್ಟುದ್ದದ ಪಾಪ ಎಲ್ಲಿಂದ ಬರಬೇಕು?

ಪರದೆ ಸರಿಯಿತು. ಲೂರ್ದಮ್ಮ ಕಪ್ಪು ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿ, ಮುಖ ಗಂಟಿಕ್ಕಿಕೊಂಡು ಹೊರಬಂದಳು. ಎಲ್ಲರೂ ಮಾಡುವಂತೆ ಮೊಣಕಾಲೂರಿ ಪ್ರಾಯಶ್ಚಿತ್ತದ ಜಪ ಹೇಳಲಿಲ್ಲ. ನೇರ ಬಾಗಿಲಿಗೆ ನಡೆದಳು.

ಅವಳ ಹಿಂದೆ ಹೋದವರ ಗತಿ ಕೇಳುವುದೇ ಬೇಡ. ಬೇರೆ ದಿನ ಮೂರು ‘ನಮೋ ಮರಿಯ’ ಜಪದಲ್ಲಿ ಬಿಡುತ್ತಿದ್ದ, ಗೂಡಿನ ನಡುವೆ ಕೂತು ಪಾಪ ಕೇಳುವ ಫಾದರ್ ಇನ್ನಾಸಪ್ಪ, ಅಂದು ಸ್ಟೆಲ್ಲಾಗೆ ಇಡೀ ಜಪಮಾಲೆ ಜಡಿದರು. ಎಲ್ಲ ಮುಗಿದ ಮೇಲೆ ತಾವೂ ಜಪಮಾಲೆ ಹಿಡಿದು, ಏದುಸಿರು ಬಿಡುತ್ತ ಚರ್ಚಿನ ಅಂಗಳವನ್ನು ಹತ್ತು ಸುತ್ತು ಬಿರಬಿರನೆ ಸುತ್ತಿದರು. ಪ್ರತಿ ಶನಿವಾರದ ನೋಟ ಇದು.

“ನೋಡಿದ್ಯಾ?” ಸ್ಟೆಲ್ಲಾ ಅಮಲಾಳ ಕೈ ಹಿಡಿದು ನಿಲ್ಲಿಸಿದರು. “ನಿಮ್ಮತ್ತೆ ಪಾಪಕ್ಕೆ ಪಾಪ ಆ ಫಾದರ್ ಸುತ್ತು ಹಾಕ್ತಿದ್ದಾರೆ. ಮೊನ್ನೆ ಬೇಕರಿ ತೌಹೀದ್ ಜೊತೆ ಏನೋ ಗುಸುಗುಸು ನಡೀತಿತ್ತು. ನಾನು ಹೋದ ತಕ್ಷಣ ಇಬ್ರೂ ಗಪ್‌ಚಿಪ್.”

“ಬ್ರೆಡ್ ತಗೊಳ್ತಿದ್ರೇನೋ ಆಂಟಿ.”

“ಬ್ರೆಡ್ಡಿಗೆ ಯಾರಾದ್ರೂ ಕಣ್ಣು ಕೆಂಪಗೆ ಮಾಡ್ತಾರಾ? ಚರ್ಚ್ ಹಬ್ಬಕ್ಕೆ ಅವಳಿಗೆ ಶಾಲು ಹೊದಿಸ್ಬೇಕು ಅಂತಿದ್ದಾರಲ್ಲ, ಮುಂದಿನ ಭಾನುವಾರ ಕಮಿಟಿ ಮೀಟಿಂಗಲ್ಲಿ ನಾನು ಕೇಳೇ ಕೇಳ್ತೀನಿ.”

ಅಮಲಾ ಕೈ ಬಿಡಿಸಿಕೊಂಡಳು. ಇಡೀ ಜೀವಮಾನ ಮಂದಿಯ ಮಲಮೂತ್ರ ಬಳಿದ ಅತ್ತೆಗೆ ಯಾರೂ ಒಂದು ಹೂವಿನ ಹಾರ ಹಾಕಿರಲಿಲ್ಲ. ಈಗ ಶಾಲು ಹೆಗಲಿಗೆ ಬರುವ ಹೊತ್ತಿಗೆ ಹೆಸರು ಬೀದಿಗೆ ಬೀಳಬೇಕೆ? ಮನೆಗೆ ಹೋಗುವ ದಾರಿಯಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟಳು.

“ಅತ್ತೆ, ಒಳಗೆ ಅಷ್ಟೊತ್ತು ಏನ್ ಮಾತು?”

“ಒಳಗಿನ ಮಾತು ಒಳಗೇ ಇರ್ಬೇಕು ಕಣೇ.” ಲೂರ್ದಮ್ಮ ನಿಟ್ಟುಸಿರು ಬಿಟ್ಟಳು. “ಚಟ ಅನ್ನೋದು ಸುಲಭಕ್ಕೆ ಬಿಡಲ್ಲ. ವಾರಕ್ಕೊಂದ್ಸಲ ಬಾಯ್ಬಿಟ್ಟು ಹೇಳ್ಕೊಂಡ್ರೆ ಸ್ವಲ್ಪ ಭಯ ಇರತ್ತೆ.”

ಚಟ! ಅಮಲಾಗೆ ಆ ವಾರ ಊಟ ಸೇರಲಿಲ್ಲ. ಅತ್ತೆ ಬೇಕರಿಯ ದಿಕ್ಕಿಗೆ ತಿರುಗಿದರೂ ಇವಳು ಕಿಟಕಿಗೆ ಓಡಿ ನೋಡುತ್ತಿದ್ದಳು. ತೌಹೀದ್‌ಗೆ ಅರವತ್ತೈದು, ಹೆಂಡತಿ ತೀರಿಹೋಗಿ ವರ್ಷಗಳಾಗಿವೆ, ಮೀಸೆಗೆ ಬಣ್ಣ ಬೇರೆ ಹಚ್ಚುತ್ತಾರೆ. ಸುಳ್ಳಾದರೆ ಸ್ಟೆಲ್ಲಾ ಬಾಯಿ ಮುಚ್ಚಿಸಬೇಕು. ನಿಜವಾದರೆ ಕಮಿಟಿಗೆ ಮೊದಲೇ ಅತ್ತೆಯ ಮಾನ ಉಳಿಸುವ ದಾರಿ ಹುಡುಕಬೇಕು. ಎರಡಕ್ಕೂ ಮೊದಲು ವಿಷಯ ಗೊತ್ತಾಗಬೇಕು.

ಮುಂದಿನ ಶನಿವಾರ ಅತ್ತೆ ಗೂಡಿನ ಬಲಗಡೆಯ ಪರದೆ ಸರಿಸಿ ಒಳಹೊಕ್ಕಳು. ಅಮಲಾ ಎರಡು ನಿಮಿಷ ಬಿಟ್ಟು, ಶಿಲುಬೆಯ ಗುರುತು ಹಾಕಿ, ಖಾಲಿಯಿದ್ದ ಎಡಗಡೆಯಲ್ಲಿ ನುಸುಳಿದಳು. ಕದ್ದು ಕೇಳುವುದೂ ಪಾಪವೇ. ಇದೇ ಫಾದರ್ ಮುಂದೆ ಇದನ್ನೂ ಒಪ್ಪಿಕೊಳ್ಳಬೇಕಲ್ಲ ಎಂದು ನೆನೆದಾಗ ಬೆವರು ಕಿತ್ತಿತು. ಮೇಲೆ ಗಾಯನವೃಂದದವರು ಹಬ್ಬದ ಹಾಡಿನ ಅಭ್ಯಾಸದಲ್ಲಿದ್ದರು. ಹಾಡು ನಿಂತಾಗಲೆಲ್ಲ ಮಧ್ಯದ ಜಾಲರಿಯಿಂದ ಪಿಸುಮಾತು ತೂರಿಬರುತ್ತಿತ್ತು.

“ಈ ವಾರ ಎಷ್ಟು ಸಲ?”

“ಎರಡು.”

“ದೇವರ ಸನ್ನಿಧಿ ಇದು. ನಿಜ ಹೇಳಿ.”

“...ನಾಲ್ಕು.”

ಅಮಲಾ ಬಾಯಿಗೆ ಕೈ ಅಡ್ಡ ಹಿಡಿದಳು.

“ಎಲ್ಲಿ?”

“ಬೇಕರಿ ಹಿಂದುಗಡೆ ರೂಮಲ್ಲಿ. ತೌಹೀದ್ ಶಟರ್ ಅರ್ಧ ಎಳೆದಿದ್ರು. ಯಾರೂ ನೋಡ್ಲಿಲ್ಲ.”

“ಈ ವಯಸ್ಸಲ್ಲಿ ಇದೆಲ್ಲ ಬೇಕಾ?”

“ಆಸೆ ತಡ್ಕೊಳಕ್ಕಾಗ್ಲಿಲ್ಲ. ಮುಖದಲ್ಲಿ ಗೊತ್ತಾಗತ್ತಾ?”

ಮುಗಿಯಿತು. ಶಾಲು ಹೋಯಿತು, ಮಾನ ಹೋಯಿತು. ಅಮಲಾಳ ಕಣ್ಣು ತುಂಬಿ ಬಂತು. ಏನಾದರಾಗಲಿ, ನನ್ನತ್ತೆ ನನ್ನತ್ತೆಯೇ, ಪ್ರೀತಿಸಿದ್ದು ತಪ್ಪೇನಲ್ಲ ಎಂದು ನಾಳೆ ಕಮಿಟಿಯ ಮುಂದೆ ನಿಂತು ಹೇಳುತ್ತೇನೆ ಎಂದು ಅವಳು ಅಲ್ಲೇ ಕತ್ತಲೆಯಲ್ಲಿ ಗಟ್ಟಿ ಮನಸ್ಸು ಮಾಡಿದಳು. ಮೇಲೆ ಹಾಡು ನಿಂತಿತು. ಪಿಸುಮಾತು ಬಿಟ್ಟು, ವಾರ್ಡಿನಲ್ಲಿ ಗದರುತ್ತಿದ್ದ ಅದೇ ದನಿಯಲ್ಲಿ ಅತ್ತೆ ಮಾತಾಡಿದಳು.

“ನಾಲ್ಕು ದಿಲ್‌ಪಸಂದ್ ತಿಂದ್ಮೇಲೆ ಮುಖ ಯಾಕೆ ನೋಡ್ಬೇಕು ಫಾದರ್, ಬೆರಳು ಕೊಡಿ ಈ ಕಡೆ, ಶುಗರ್ ನೋಡೋಣ!”