ಕಿಟಕಿಯ ನೇರಕ್ಕೆ

ವೇಲ್ಸಿನ ಗುಡ್ಡಗಳಲ್ಲಿ ಮಾರ್ಚ್ ಎಂದರೆ ಕುರಿಗಳು ಈಯುವ ಕಾಲ. ಬೆಳಗಿನಿಂದ ಏಳು ಮರಿಗಳ ಹೆರಿಗೆ ಮಾಡಿಸಿದ್ದ ಗೆಥಿನ್ ಕೈ ತೊಳೆದುಕೊಂಡು, ಬೇಲಿ ದಾಟಿ ನೆರೆಮನೆಯ ಮಾರೆಡ್‌ಳ ಅಡುಗೆಮನೆಗೆ ಬಂದ. ಅವಳೇ ಹೇಳಿಕಳಿಸಿದ್ದಳು. ಅವಳ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಹೋದ ವಾರ ಅವನ ಕುರಿಯೊಂದನ್ನು ಹಳ್ಳದಿಂದ ಎಳೆಯಲು ಹೋಗಿ ಜಾರಿ ಬಿದ್ದಿದ್ದಳು.

"ಕೂತ್ಕೋ. ಕೌನ್ಸಿಲ್‌ಗೆ ಒಂದು ಕಾಗದ ಬರಿಬೇಕು. ನಿನ್ನ ಬಾಯ್ಲರ್ ಬೇಡ ಅಂತ."

ಗೆಥಿನ್ ನಕ್ಕುಬಿಟ್ಟ. "ನನ್ನ ಮೇಲಿನ ತಕರಾರು ನಾನೇ ಬರಿಬೇಕಾ, ಚಿಕ್ಕಮ್ಮ?"

"ಈ ಕೈ ಯಾರ ಕುರಿಗೆ ಮುರೀತು?"

ಅವನು ಪೆನ್ನು ತೆಗೆದ. ಮರದ ಚೂರು ಉರಿಸಿ ಕೋಳಿಮರಿಗಳ ಶೆಡ್ಡುಗಳನ್ನು ಬೆಚ್ಚಗಿಡುವ ಬಾಯ್ಲರ್ ಅದು. ಅದಕ್ಕೊಂದು ಎತ್ತರದ ಕಟ್ಟಡ ಬೇಕಿತ್ತು. ಕೌನ್ಸಿಲ್‌ಗೆ ಅವನು ಕೊಟ್ಟ ಅರ್ಜಿಯ ನೋಟಿಸು ಗೇಟಿಗೆ ಅಂಟಿಸಿ ಹದಿನೆಂಟು ದಿನವಾಗಿತ್ತು. ಆಕ್ಷೇಪಣೆಗೆ ಉಳಿದದ್ದು ಮೂರೇ ದಿನ. ಅನುಮತಿ ತಡವಾದರೆ ಗೆಥಿನ್‌ಗೆ ಇನ್ನೊಂದು ಚಳಿಗಾಲಕ್ಕೂ ದುಬಾರಿ ಗ್ಯಾಸೇ ಗತಿ.

"ಬರಿ. ಹೊಗೆ."

"ಗಾಳಿ ಆ ಕಡೆಗೆ ಬೀಸೋದು. ನಿಮ್ಮ ಕಡೆ ಹೊಗೆ ಬರಲ್ಲ."

"ಸದ್ದು."

"ನನ್ನ ನಾಯಿಗಿಂತ ಕಮ್ಮಿ."

"ಹಾಗಾದ್ರೆ ನೋಟಕ್ಕೆ ಅಡ್ಡ ಅಂತ ಬರಿ."

ಗೆಥಿನ್ ಕಿಟಕಿಯಾಚೆ ನೋಡಿದ. "ಏನು ಮಹಾ ನೋಟ? ನನ್ನ ಗೊಬ್ಬರದ ಗುಂಡಿ, ಆಮೇಲೆ ಕಣಿವೆ, ಅದರಾಚೆ ನೆಸ್ಟಾ..."

ನೆಸ್ಟಾ ಮಾರೆಡ್‌ಳ ತಂಗಿ. ತಾಯಿ ಸತ್ತ ವರ್ಷ ಪಿಂಗಾಣಿ ತಟ್ಟೆಗಳ ಹಂಚಿಕೆಯಲ್ಲಿ ಮುನಿದವರು ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ. ಚಾಪೆಲಿನ ಪ್ರಾರ್ಥನೆಯಲ್ಲೂ ಬೇರೆ ಬೇರೆ ಬೆಂಚು. ಕಣಿವೆಯಾಚೆ ನೆಸ್ಟಾಳ ಅಂಗಳದ ಹಗ್ಗದ ಮೇಲೆ ಎರಡು ಬಿಳಿ ಟವೆಲ್ಲುಗಳು ಗಾಳಿಗೆ ಆಡುತ್ತಿದ್ದವು. ಮಾರೆಡ್‌ಳ ಕುರ್ಚಿ, ಅವಳ ಚಹಾ ಕಪ್ಪು ಎರಡೂ ಅದರ ನೇರಕ್ಕೇ ಇದ್ದವು.

ಅವನು "ನೋಟಕ್ಕೆ ಅಡ್ಡ" ಎಂದು ಬರೆದ. ಅವಳು ಎಡಗೈಯಲ್ಲಿ ಸಹಿ ಗೀಚಿದಳು.

"ಇವತ್ತೇ ಅಂಚೆಗೆ ಹಾಕು."

"ಹಾಕ್ತೀನಿ," ಎಂದ. ಹೋಗುವ ದಾರಿಯಲ್ಲಿ ಹಾಕಿಯೂ ಬಿಟ್ಟ.

ಮರುದಿನ ಬೆಳಿಗ್ಗೆ ಬಾಯ್ಲರ್ ಕಟ್ಟಡಕ್ಕೆ ಜಾಗ ಗುರುತಿಸಿದ್ದ ಗೂಟಗಳನ್ನು ಕಿತ್ತು ಹುಲ್ಲಿನ ಕೊಟ್ಟಿಗೆಯ ಹಿಂದಕ್ಕೆ ಒಯ್ದ. ಇನ್ನು ಹೊಸ ನಕ್ಷೆ, ಹೊಸ ಅರ್ಜಿ, ಮತ್ತೊಂದು ಚಳಿಗಾಲದ ಗ್ಯಾಸು. ಉದ್ದನೆಯ ಗಳುವಿನ ತುದಿಗೆ ಖಾಲಿ ಚೀಲ ಕಟ್ಟಿ, ಕಟ್ಟಡದ ಎತ್ತರಕ್ಕೆ ಎತ್ತಿ ಹಿಡಿದು ಕೂಗಿದ: "ಚಿಕ್ಕಮ್ಮಾ, ಈಗ ಆಚೆಗೆ ಕಾಣುತ್ತಾ?"

ಅಡುಗೆಮನೆಯ ಕಿಟಕಿ ತೆರೆಯಿತು. "ಇನ್ನೆರಡು ಹೆಜ್ಜೆ ಎಡಕ್ಕೆ!"

ಗಳು ಹೊತ್ತು ಎರಡು ಹೆಜ್ಜೆ ಸರಿದ. "ಈಗ?"

ಅವಳು ಕಿಟಕಿಯಿಂದ ಕಣಿವೆಯಾಚೆಗೆ ಕತ್ತು ಚಾಚಿದಳು.

"ಕಂಡ್ಳು," ಎಂದಳು ಮಾರೆಡ್. "ಈ ಥಂಡೀಲಿ ಕಂಬಳಿ ಒಗೆದಿದ್ದಾಳೆ, ಹುಚ್ಚಿ."